ಮೈನಸ್ 30ರ ಊರಿಗೆ ವೀಣೆ, ಪಿಟೀಲು, ಮೃದಂಗ: ನೊರಿಲ್ಸ್ಕ್ ಕಛೇರಿಗೆ ತಯಾರಿ

ರಷ್ಯಾದ ನೊರಿಲ್ಸ್ಕ್ ಆರ್ಕ್ಟಿಕ್ ವೃತ್ತಕ್ಕಿಂತ ಸುಮಾರು 300 ಕಿ.ಮೀ. ಉತ್ತರಕ್ಕಿರುವ ನಿಕಲ್, ತಾಮ್ರ, ಪಲಾಡಿಯಂ ಊರು. ಜನಸಂಖ್ಯೆ ಸುಮಾರು 1.75 ಲಕ್ಷ. ದೇಶದ ಉಳಿದ ಭಾಗದಿಂದ ಇಲ್ಲಿಗೆ ರಸ್ತೆಯಿಲ್ಲ, ರೈಲೂ ಇಲ್ಲ. ವಿಮಾನದಲ್ಲಿ ಬರಬೇಕು. ಬೇಸಿಗೆಯಾದರೆ ಕ್ರಾಸ್ನೊಯಾರ್ಸ್ಕ್‌ನಿಂದ ಯೆನಿಸೇ ನದಿಯ ಹಡಗಿನಲ್ಲಿ ಡುಡಿಂಕಾಗೆ ಬಂದು ಅಲ್ಲಿಂದ ಮುಂದೆ ಹೋಗಬಹುದು. ಊರಿನವರು ಉಳಿದ ರಷ್ಯಾವನ್ನು ‘ಮಾತೆರಿಕ್’ ಎನ್ನುತ್ತಾರೆ. ದ್ವೀಪದವರು ಮುಖ್ಯ ಭೂಮಿಯನ್ನು ಕರೆಯುವ ಹಾಗೆ.

ಇಂಥ ಊರಿಗೆ ಹೊರಟ ನಮ್ಮ ಕಲಾವಿದರು ಮೊದಲು ಕೇಳುವುದು ಹೊರಗಿನ ಚಳಿಯ ಬಗ್ಗೆ. ಆದರೆ ವಾದ್ಯ ಹಾಳಾಗುವುದು ಬಹುಪಾಲು ಒಳಗೆ, ಬೆಚ್ಚಗಿನ ಕೋಣೆಯಲ್ಲಿ. ಲೆಕ್ಕ ಸರಳ. ಮೈನಸ್ 30 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಅರ್ಧ ಗ್ರಾಂ ನೀರನ್ನೂ ಹಿಡಿದಿಡಲಾರದು. 22 ಡಿಗ್ರಿಯ ಗಾಳಿ 19 ಗ್ರಾಂ ಹಿಡಿಯಬಲ್ಲದು. ಹೊರಗಿನ ಆ ಗಾಳಿಯನ್ನೇ ಒಳಗೆ ತಂದು ಕಾಯಿಸಿದರೆ ಅದರ ತೇವ ಶೇ. 2ರ ಆಸುಪಾಸಿಗೆ ಇಳಿಯುತ್ತದೆ. ಜನರ ಉಸಿರು, ಅಡುಗೆ, ಸ್ನಾನದ ಹಬೆ ಸೇರಿದರೂ ಕೋಣೆಯಲ್ಲಿ ಶೇ. 10ರಿಂದ 20 ಇದ್ದರೆ ಹೆಚ್ಚು. ಶೇ. 60 ತೇವದಲ್ಲಿ ಬೆಳೆದ ಮೈಸೂರಿನ ವೀಣೆಯ ಮರದೊಳಗೆ ತೂಕದ ಶೇ. 11ರಷ್ಟು ನೀರಿರುತ್ತದೆ. ಶೇ. 20 ತೇವದ ಕೋಣೆಯಲ್ಲಿ ಸಾಕಷ್ಟು ದಿನ ಬಿಟ್ಟರೆ ಅದು ಶೇ. 5ಕ್ಕಿಂತ ಕೆಳಗಿಳಿಯುತ್ತದೆ. ಅಷ್ಟು ನೀರು ಹೊರಟುಹೋದಾಗ ಮರ ಕುಗ್ಗುತ್ತದೆ, ಕುಗ್ಗಲು ಜಾಗವಿಲ್ಲದ ಕಡೆ ಸೀಳುತ್ತದೆ. ಮುಂದೆ ಹೇಳುವ ಎಲ್ಲ ಎಚ್ಚರಿಕೆಯೂ ಈ ಒಂದು ಲೆಕ್ಕದಿಂದಲೇ ಬಂದದ್ದು.

ದಿನಾಂಕ ಮತ್ತು ಕಾಗದಪತ್ರ

ರಷ್ಯಾದ ವೀಸಾ ಇದ್ದರೆ ನೊರಿಲ್ಸ್ಕ್‌ಗೆ ಹೋಗಬಹುದು ಎಂದುಕೊಳ್ಳಬೇಡಿ. 2001ರಿಂದ ವಿದೇಶಿಯರು ಈ ಊರಿಗೆ ಕಾಲಿಡಲು ಪ್ರತ್ಯೇಕ ಅನುಮತಿ ಬೇಕು, ಡುಡಿಂಕಾಗೂ ಬೇಕು. ಅರ್ಜಿ ಹಾಕಿಸಬೇಕಾದವರು ನಿಮ್ಮನ್ನು ಕರೆಸುವ ಸಂಸ್ಥೆಯವರು. ಕಛೇರಿಗೆ ಕನಿಷ್ಠ ಎರಡು ತಿಂಗಳು ಮುಂಚೆ, ಸಾಧ್ಯವಾದರೆ ಮೂರು ತಿಂಗಳು ಮುಂಚೆ, ತಂಡದ ಎಲ್ಲರ ಪಾಸ್‌ಪೋರ್ಟ್ ಪ್ರತಿ ಕಳಿಸಿಬಿಡಿ. ಕೊನೆಗಳಿಗೆಯಲ್ಲಿ ಮೃದಂಗದವರನ್ನು ಬದಲಾಯಿಸುವುದು ಇಲ್ಲಿ ನಡೆಯದು, ಹೊಸಬರಿಗೆ ಹೊಸ ಅನುಮತಿಯೇ ಬೇಕು. ಹಾಗಾಗಿ ಬದಲಿ ಪಕ್ಕವಾದ್ಯದವರೊಬ್ಬರ ಹೆಸರನ್ನೂ ಮೊದಲ ಅರ್ಜಿಯಲ್ಲೇ ಸೇರಿಸಿ. ಸಂಭಾವನೆ ಪಡೆದು ನುಡಿಸಲು ಯಾವ ಬಗೆಯ ವೀಸಾ ಬೇಕೆಂಬುದನ್ನು ಅವರಿಂದಲೇ ಬರಹದಲ್ಲಿ ಪಡೆಯಿರಿ.

ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸುಮಾರು 45 ದಿನ ಸೂರ್ಯ ಹುಟ್ಟುವುದಿಲ್ಲ. ಸಭಾಂಗಣಕ್ಕೆ ಜನ ಆಸೆಯಿಂದ ಬರುವ ಕಾಲವೂ ಅದೇ, ಆದರೆ ಮರದ ವಾದ್ಯಗಳಿಗೆ ಅದು ಅತಿ ಕಷ್ಟದ ಕಾಲ. ಆಯ್ಕೆ ನಿಮ್ಮ ಕೈಲಿದ್ದರೆ ಸೆಪ್ಟೆಂಬರ್ ಕೇಳಿ. ಹೊರಗಿನ ಗಾಳಿ ಇನ್ನೂ ಅಷ್ಟು ಒಣಗಿರುವುದಿಲ್ಲ. ಬೇಸಿಗೆಯಲ್ಲಾದರೆ ಜುಲೈ ಮೂರನೇ ಭಾನುವಾರದ ಲೋಹ ಕಾರ್ಮಿಕರ ದಿನವೇ ಊರ ಹಬ್ಬ. ಬಯಲು ವೇದಿಕೆಗೆ ಕರೆದರೆ ಒಳಾಂಗಣ ಕೇಳಿ, ಬಯಲಿನ ಗಾಳಿಯಲ್ಲಿ ವೀಣೆ ಕೇಳಿಸುವುದಿಲ್ಲ.

ಮಾಸ್ಕೋದಿಂದ ವಿಮಾನಯಾನ ಸುಮಾರು ನಾಲ್ಕು ಗಂಟೆ. ಗಡಿಯಾರ ಇನ್ನೂ ನಾಲ್ಕು ಗಂಟೆ ಮುಂದೆ ಹೋಗುವುದರಿಂದ ಒಂದಿಡೀ ರಾತ್ರಿಯ ನಿದ್ದೆ ಕಳೆದಂತೆ. ಅಲಿಕೆಲ್ ವಿಮಾನ ನಿಲ್ದಾಣ ಊರಿನಿಂದ ಸುಮಾರು 35 ಕಿ.ಮೀ. ದೂರ. ‘ಪುರ್ಗಾ’ ಎಂಬ ಹಿಮಬಿರುಗಾಳಿ ಎದ್ದರೆ ನಿಲ್ದಾಣವೂ ರಸ್ತೆಯೂ ಮುಚ್ಚುತ್ತವೆ, ಕೆಲವೊಮ್ಮೆ ದಿನಗಟ್ಟಲೆ. ಕಛೇರಿಗೆ ಮೂರು ದಿನ ಮುಂಚೆ ಊರು ಸೇರುವಂತೆ, ಮುಗಿದ ಮೇಲೆ ಎರಡು ದಿನ ಬಿಡುವಿರುವಂತೆ ಟಿಕೆಟ್ ಮಾಡಿ. ಮರುದಿನವೇ ಇನ್ನೊಂದು ಊರಲ್ಲಿ ಕಛೇರಿ ಒಪ್ಪಿಕೊಳ್ಳಬೇಡಿ. ರಷ್ಯಾದ ಹೊರಗೆ ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳ ಬ್ಯಾಂಕ್ ಕಾರ್ಡುಗಳು 2022ರಿಂದ ಅಲ್ಲಿ ನಡೆಯುವುದಿಲ್ಲ. ಮಾಸ್ಕೋದಲ್ಲೇ ರೂಬಲ್ ನಗದು ಮಾಡಿಕೊಳ್ಳಿ, ಸಿಕ್ಕಿಹಾಕಿಕೊಂಡರೆ ಬೇಕಾಗುವ ನಾಲ್ಕು ದಿನದ ಖರ್ಚನ್ನೂ ಸೇರಿಸಿ.

ಯಾವ ವಾದ್ಯ ಒಯ್ಯಬಾರದು

ಅಜ್ಜನ ಕಾಲದ ವೀಣೆ ಮನೆಯಲ್ಲೇ ಇರಲಿ. ನೂರು ವರ್ಷ ದಾಟಿದ ವಾದ್ಯ 1972ರ ಪುರಾತನ ವಸ್ತುಗಳ ಕಾಯಿದೆಯಡಿ ಬರುತ್ತದೆ, ಸುಮ್ಮನೆ ಹೊರದೇಶಕ್ಕೆ ಒಯ್ಯುವಂತಿಲ್ಲ. ಹಳೆಯ ವೀಣೆಗಳಲ್ಲಿ ದಂತದ ಕುಸುರಿ, ಜಿಂಕೆ ಕೊಂಬಿನ ತುಂಡುಗಳೂ ಇರುತ್ತವೆ. ಅವು ಎರಡೂ ದೇಶಗಳ ಗಡಿಯಲ್ಲಿ ತೊಂದರೆ ತರುತ್ತವೆ. ಈಗಿನ ವೀಣೆಯ ಬಿಳಿ ಪಟ್ಟಿ ಪ್ಲಾಸ್ಟಿಕ್ಕಿನದು, ಆದರೆ ನೋಡಿದವರಿಗೆ ದಂತದಂತೆಯೇ ಕಾಣುತ್ತದೆ. ತಯಾರಿಸಿದವರಿಂದ ಮರ ಯಾವುದು, ಪಟ್ಟಿ ಯಾವುದರದು, ಮಾಡಿದ ವರ್ಷ ಯಾವುದು ಎಂದು ಒಂದು ಪತ್ರ ಬರೆಸಿಕೊಂಡು ರಷ್ಯನ್ ಅನುವಾದದ ಜೊತೆ ಇಟ್ಟುಕೊಳ್ಳಿ. ಬೀಟೆ ಮರ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ. ಆದರೆ ಸಿದ್ಧಗೊಂಡ ಸಂಗೀತ ವಾದ್ಯಗಳಿಗೆ 2019ರಿಂದ ವಿನಾಯಿತಿಯಿದೆ. ಈ ಪತ್ರ ಅಲ್ಲಿಯೂ ಕೆಲಸಕ್ಕೆ ಬರುತ್ತದೆ.

ಉಡದ ಚರ್ಮದ ಖಂಜಿರವನ್ನು ಮುಟ್ಟಲೇಬೇಡಿ. ಉಡ ನಮ್ಮ ವನ್ಯಜೀವಿ ಕಾಯಿದೆಯಲ್ಲೂ ಸೈಟಿಸ್‌ನಲ್ಲೂ ಅತಿ ಬಿಗಿಯಾದ ರಕ್ಷಣೆಯಲ್ಲಿದೆ. ಸಂಶ್ಲೇಷಿತ ಹೊದಿಕೆಯ ಖಂಜಿರ ಒಯ್ಯಿರಿ, ಒಣಹವೆಗೆ ಅದು ಜಗ್ಗುವುದಿಲ್ಲ ಎಂಬ ಲಾಭವೂ ಇದೆ.

ರಷ್ಯಾಕ್ಕೆ ಇಳಿದಾಗ ವಾದ್ಯಗಳ ಪಟ್ಟಿ, ಛಾಯಾಚಿತ್ರ ತೋರಿಸಿ ಕಸ್ಟಮ್ಸ್‌ನಲ್ಲಿ ಬರೆಸಿ, ಮೊಹರು ಹಾಕಿಸಿಕೊಳ್ಳಿ. ಒಳಗೆ ತಂದದ್ದಕ್ಕೆ ಗುರುತಿಲ್ಲದಿದ್ದರೆ ಹೊರಗೆ ಒಯ್ಯುವಾಗ ಅದು ನಿಮ್ಮದೇ ಎಂದು ತೋರಿಸುವುದು ಕಷ್ಟ.

ಪೆಟ್ಟಿಗೆ ಕಟ್ಟುವುದು

ಮಳೆಗಾಲಕ್ಕೆ ಹೆದರಿ ನಾವು ವಾದ್ಯದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡುತ್ತೇವೆ. ಹೊರಡುವ ಮೊದಲು ಎಲ್ಲವನ್ನೂ ಹುಡುಕಿ ತೆಗೆಯಿರಿ, ಮೂಲೆಯಲ್ಲಿ ಮರೆತದ್ದನ್ನೂ ಸೇರಿಸಿ. ಅಲ್ಲಿ ಅವು ಮರದ ಕೊನೆಯ ತೇವವನ್ನೂ ಹೀರುತ್ತವೆ. ಬದಲಿಗೆ ತೇವ ಕೊಡುವ, ಹೆಚ್ಚಾದರೆ ಹೀರುವ ಎರಡೂ ಕೆಲಸ ಮಾಡುವ ಪೊಟ್ಟಣಗಳು ಸಿಗುತ್ತವೆ. ಶೇ. 49 ಎಂದು ಗುರುತಿರುವುದನ್ನು ಕೊಳ್ಳಿ. ಪಿಟೀಲಿಗೆ ಎರಡು, ವೀಣೆಗೆ ನಾಲ್ಕು. ಸಿಗದಿದ್ದರೆ ತೂತು ಕೊರೆದ ಸೋಪಿನ ಡಬ್ಬಿಯಲ್ಲಿ ಹಿಂಡಿದ ಸ್ಪಂಜು ಇಟ್ಟರೂ ಆದೀತು, ದಿನಕ್ಕೊಮ್ಮೆ ಒದ್ದೆ ಮಾಡಬೇಕು. ಆದರೆ ಸ್ಪಂಜನ್ನು ಊರು ಸೇರಿದ ಮೇಲೆ ಇಡಿ, ದಾರಿಯಲ್ಲಿ ನೀರು ಹೆಪ್ಪುಗಟ್ಟೀತು.

ಗಟ್ಟಿ ಪೆಟ್ಟಿಗೆಯ ಹೊರಗೆ 10 ಮಿ.ಮೀ. ದಪ್ಪದ ಫೋಮ್ ಹಾಸು ಸುತ್ತಿ ಹೊಲಿಸಿ. ಒಳಗೆ ಹಳೆಯ ಹತ್ತಿ ಸೀರೆ ಅಥವಾ ಪಂಚೆ ತುಂಬಿ. ಹತ್ತಿಗೆ ತನ್ನದೇ ತೇವ ಇರುತ್ತದೆ, ಪಾಲಿಯೆಸ್ಟರಿಗೆ ಅಷ್ಟಿಲ್ಲ. ಈ ಎರಡು ಪದರಗಳ ಉದ್ದೇಶ ಚಳಿಯನ್ನು ತಡೆಯುವುದಲ್ಲ, ನಿಧಾನ ಮಾಡುವುದು. ವಿಮಾನದ ಹೊಟ್ಟೆಗಿಂತ, ಇಳಿಸಿದ ಮೇಲೆ ಬಯಲಿನಲ್ಲಿ ಗಾಡಿಯ ಮೇಲೆ ಅರ್ಧ ಗಂಟೆ ನಿಲ್ಲುವುದೇ ಹೆಚ್ಚು ಅಪಾಯದ್ದು. ಆ ಅರ್ಧ ಗಂಟೆಯನ್ನು ಪೆಟ್ಟಿಗೆ ದಾಟಿಸಿದರೆ ಸಾಕು. ಪಿಟೀಲು, ಕೊಳಲು ಕೈಯಲ್ಲೇ ಇರಲಿ. ವೀಣೆಯ ಪೆಟ್ಟಿಗೆಯ ಉದ್ದ, ಅಗಲ, ಎತ್ತರ, ತೂಕ ಬರೆದು ವಿಮಾನ ಕಂಪನಿಯಿಂದ ಮೊದಲೇ ಒಪ್ಪಿಗೆ ಪಡೆಯಿರಿ. ಬಿಚ್ಚಿ ಜೋಡಿಸುವ ವೀಣೆ ಇದ್ದರೆ ಅದನ್ನೇ ಒಯ್ಯುವುದು ಮೇಲು.

ಪ್ರತಿ ಪೆಟ್ಟಿಗೆಯೊಳಗೂ ಉಷ್ಣತೆ, ತೇವ ಎರಡನ್ನೂ ತೋರಿಸುವ ಪುಟ್ಟ ಮಾಪಕ ಇರಲಿ. ಹೊರಗಿನಿಂದಲೇ ಓದಬಹುದಾದ, ತಂತಿಯ ತುದಿಯಲ್ಲಿ ಸಂವೇದಕ ಇರುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು.

ತಂತಿಗಳನ್ನು ಎರಡು ಮೂರು ಸ್ವರ ಇಳಿಸಿ, ಪೂರ್ತಿ ಸಡಿಲಿಸಬೇಡಿ. ಪೂರ್ತಿ ಸಡಿಲಾದರೆ ವೀಣೆಯ ತಂತಿ ಹೊರುವ ಕುದುರೆ ಜಾರುತ್ತದೆ, ಪಿಟೀಲಿನ ಒಳಗಂಬ ಬಿದ್ದೇಹೋಗುತ್ತದೆ. ಅದನ್ನು ನಿಲ್ಲಿಸಬಲ್ಲವರನ್ನು ಅಲ್ಲಿ ಹುಡುಕಬೇಕಾದರೆ ಮೊದಲು ನೊರಿಲ್ಸ್ಕ್ ಕಲಾ ಕಾಲೇಜಿನಲ್ಲಿ ಕೇಳಿ, ಅಲ್ಲಿ ಪಾಶ್ಚಾತ್ಯ ತಂತಿವಾದ್ಯ ಕಲಿಸುವವರಿದ್ದಾರೆ. ಪಿಟೀಲಿನ ಕಮಾನಿನ ಕೂದಲನ್ನು ಪೂರಾ ಸಡಿಲಿಸಿಡಿ. ಒಣಗಿದ ಕುದುರೆ ಕೂದಲು ಕುಗ್ಗಿ ಕಮಾನನ್ನೇ ಬಗ್ಗಿಸುತ್ತದೆ.

ಇಳಿದ ಮೇಲೆ: ಪೆಟ್ಟಿಗೆ ತೆರೆಯಬೇಡಿ

ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದು ಇಲ್ಲೇ. ಕರೆಸಿದವರು ಪ್ರೀತಿಯಿಂದ ವಾದ್ಯ ನೋಡಬೇಕೆನ್ನುತ್ತಾರೆ, ಪತ್ರಕರ್ತರು ಕಾದಿರುತ್ತಾರೆ, ನೀವು ಪೆಟ್ಟಿಗೆ ತೆರೆಯುತ್ತೀರಿ. ತೇವವನ್ನು ಶೇ. 40ಕ್ಕೆ ಏರಿಸಿದ 22 ಡಿಗ್ರಿಯ ಕೋಣೆಯಲ್ಲಿ 8 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ನೀರ ಹನಿ ಕೂರುತ್ತದೆ. ಮೃದಂಗದ ಮುಚ್ಚಳಿಗೆಯ (ಚರ್ಮದ ಹೊದಿಕೆಯ) ನಡುವಿನ ಕಪ್ಪು ಲೇಪ, ಅಂದರೆ ಕರಣೆ, ಆ ನೀರು ಕುಡಿದು ಎದ್ದು ಬರುತ್ತದೆ. ಮೆರುಗೆಣ್ಣೆ ಒಮ್ಮೆಲೇ ಬಿಸಿ ತಾಗಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ.

ಕ್ರಮ ಹೀಗಿರಲಿ. ಹೊರಗಿನ ಹಿಮವನ್ನು ಬಾಗಿಲಾಚೆಯೇ ಒರೆಸಿ. ಎರಡು ಬಾಗಿಲುಗಳ ನಡುವಿನ ಸಣ್ಣ ಕೋಣೆಯಲ್ಲಿ ಮುಕ್ಕಾಲು ಗಂಟೆ ಇಡಿ. (ಆ ಕೋಣೆಗೆ ರಷ್ಯನ್‌ನಲ್ಲಿ ‘ತಂಬೂರ್’ ಎಂದೇ ಹೆಸರು, ನಮ್ಮವರು ಮರೆಯುವುದಿಲ್ಲ.) ಆಮೇಲೆ ಒಳಗೆ ತಂದು, ಕಾಯಿಸುವ ಕೊಳವೆಗಳಿಂದಲೂ ಹೊರಗೋಡೆಯಿಂದಲೂ ದೂರ, ಮುಚ್ಚಿದಂತೆಯೇ ಬಿಡಿ: ಪಿಟೀಲು 3 ಗಂಟೆ, ಮೃದಂಗ 4, ವೀಣೆ 6. ಒಳಗಿನ ಮಾಪಕಕ್ಕೂ ಕೋಣೆಗೂ 3 ಡಿಗ್ರಿಗಿಂತ ಕಡಿಮೆ ಅಂತರ ಬಂದಾಗ ಮುಚ್ಚಳವನ್ನು ಒಂದು ಬೆರಳಷ್ಟು ಎತ್ತಿಡಿ. ಕಾಲು ಗಂಟೆಯ ನಂತರ ಪೂರ್ತಿ ತೆರೆಯಿರಿ. ಹೋಟೆಲಿನಿಂದ ಸಭಾಂಗಣಕ್ಕೆ ಒಯ್ಯುವಾಗಲೂ ಇದನ್ನೇ ಪುನಃ ಮಾಡಬೇಕಾಗುತ್ತದೆ. ಆದ್ದರಿಂದ ವಾದ್ಯಗಳನ್ನು ಮೊದಲ ದಿನವೇ ಸಭಾಂಗಣದ ಬೀಗವಿರುವ ಕೋಣೆಗೆ ಸೇರಿಸಿ, ಅಭ್ಯಾಸಕ್ಕೆ ನೀವೇ ಅಲ್ಲಿಗೆ ಹೋಗಿ.

ಕೋಣೆಗೆ ನೀರುಣಿಸುವುದು

ಊರಿನ ಕಾಯಿಸುವ ವ್ಯವಸ್ಥೆ ಕೇಂದ್ರೀಕೃತ. ಗೋಡೆಯ ‘ಬತರೆಯಾ’ವನ್ನು (ಕೋಣೆ ಕಾಯಿಸುವ ರೇಡಿಯೇಟರ್) ಎಷ್ಟೋ ಕಡೆ ತಗ್ಗಿಸಲು ಬರುವುದಿಲ್ಲ. 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 40 ಘನ ಮೀಟರ್ ಗಾಳಿ. ಎರಡು ಗಂಟೆಗೊಮ್ಮೆ ಗಾಳಿ ಬದಲಾಗುತ್ತದೆಂದು ಹಿಡಿದರೂ ತೇವವನ್ನು ಶೇ. 40ರಲ್ಲಿ ನಿಲ್ಲಿಸಲು ಗಂಟೆಗೆ ಸುಮಾರು 150 ಗ್ರಾಂ, ದಿನಕ್ಕೆ ಮೂರೂವರೆ ಲೀಟರ್ ನೀರು ಬೇಕು. ಕಪ್ಪಿನಲ್ಲಿ ನೀರಿಟ್ಟರೆ ಏನೂ ಆಗದು. 5 ಲೀಟರ್ ತೊಟ್ಟಿಯ ಹ್ಯೂಮಿಡಿಫೈಯರ್ ಬೇಕೆಂದು ಒಪ್ಪಂದದಲ್ಲೇ ಬರೆಸಿ. ಅಲ್ಟ್ರಾಸಾನಿಕ್ ಬಗೆಯದಾದರೆ ಬಟ್ಟಿ ಇಳಿಸಿದ ನೀರು ಹಾಕಿ. ನಲ್ಲಿ ನೀರಿನ ಸುಣ್ಣ ಬಿಳಿ ಪುಡಿಯಾಗಿ ತಂತಿಗಳ ಮೇಲೆ ಕೂರುತ್ತದೆ. ಯಂತ್ರ ಇಲ್ಲದಿದ್ದರೆ ಎರಡು ದೊಡ್ಡ ಟವೆಲ್ ಒದ್ದೆ ಮಾಡಿ ಬತರೆಯಾದ ಮೇಲೆ ಹರವಿ, ಒಣಗಿದ ಹಾಗೆಲ್ಲ ಬದಲಾಯಿಸಿ.

ಇಡೀ ಸಭಾಂಗಣವನ್ನು ತೇವ ಮಾಡುವುದು ಆಗದ ಮಾತು. ನುಡಿಸುವ ಹೊತ್ತಷ್ಟೇ ವಾದ್ಯ ಹೊರಗಿರಲಿ, ಮಧ್ಯಂತರದಲ್ಲಿ ಪೆಟ್ಟಿಗೆಗೆ ಮರಳಲಿ. ಎರಡು ಗಂಟೆಯಲ್ಲಿ ದಪ್ಪ ಮರಕ್ಕೆ ಏನೂ ಆಗುವುದಿಲ್ಲ. ಚರ್ಮ, ಮೇಣ, ತಂತಿ ಬಿಗಿಯುವ ಬಿರಡೆಗಳ ಮಾತು ಬೇರೆ.

ವಾದ್ಯವಾರು

ವೀಣೆಯ ದುರ್ಬಲ ಜಾಗ ಅದರ ಮೇಣ. ತಂತಿ ಒತ್ತಿ ಸ್ವರ ಹಿಡಿಯುವ 24 ಮೆಟ್ಟಿಲುಗಳೂ ಕೂತಿರುವುದು ಮಸಿ ಬೆರೆಸಿದ ಜೇನುಮೇಣದ ಮೇಲೆ. ಬೆಂಗಳೂರಿನ ಏಪ್ರಿಲ್‌ನಲ್ಲಿ ಅದು ಮೆತ್ತಗಾಗಿ ಮೆಟ್ಟಿಲು ತಗ್ಗುತ್ತದೆ. ಸೊನ್ನೆಗಿಂತ ಕೆಳಗೆ ಗಾಜಿನಂತಾಗಿ, ಒಂದು ಕುಲುಕಿಗೆ ಮೆಟ್ಟಿಲು ಕಿತ್ತು ಬರುತ್ತದೆ. ಪೆಟ್ಟಿಗೆ ತಣ್ಣಗಿರುವಾಗ ಯಾರೂ ಅದನ್ನು ಕೆಳಗೆ ಕುಕ್ಕದಂತೆ ನೋಡಿಕೊಳ್ಳಿ. ಹೊರಡುವ ಮೊದಲು ಮೇಳ ಕಟ್ಟುವವರಿಂದ (ಮೇಣದಲ್ಲಿ ಮೆಟ್ಟಿಲು ಕೂರಿಸುವವರಿಂದ) ಎಲ್ಲ ಮೆಟ್ಟಿಲೂ ಗಟ್ಟಿಯಾಗಿವೆಯೇ ನೋಡಿಸಿ, ಅದೇ ಮೇಣ 50 ಗ್ರಾಂ ಇಸಿದುಕೊಳ್ಳಿ. ಒಂದೆರಡು ಎದ್ದರೆ ತೆಳು ಚಾಕುವನ್ನು ಬಿಸಿ ನೀರಿನಲ್ಲಿ ಅದ್ದಿ ಒರೆಸಿ, ಮೇಣವನ್ನು ಮೃದು ಮಾಡಿ, ಮೆಟ್ಟಿಲನ್ನು ಒತ್ತಿ, ಪಕ್ಕದ ಸ್ವರಗಳ ಜೊತೆ ಶ್ರುತಿ ನೋಡಿ. ಹತ್ತು ನಿಮಿಷ ಮುಟ್ಟಬೇಡಿ. ಇದು ಆ ಸಂಜೆಯ ಮಟ್ಟಿಗಿನ ದುರಸ್ತಿ ಮಾತ್ರ.

ಬಿರಡೆಗಳು ಕುಗ್ಗಿ ಜಾರುತ್ತವೆ. ಸೀಮೆಸುಣ್ಣ ಸವರಿ, ಒಳಕ್ಕೆ ಒತ್ತಿ ತಿರುಗಿಸಿ. ಸಾರಣಿ ತಂತಿ ನಾಲ್ಕು, ಪಂಚಮ ಎರಡು ಹೆಚ್ಚಿಗೆ ಇರಲಿ. ಬೆರಳಿಗೆ ಸವರುವ ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಅಲ್ಲಿ ಅದು ಬಿಳಿ ಮುದ್ದೆ. ಎಳ್ಳೆಣ್ಣೆ ಒಯ್ಯಿರಿ.

ಮೃದಂಗದ ಚರ್ಮ ಎಲ್ಲಕ್ಕಿಂತ ಬೇಗ ಮಾತಾಡುತ್ತದೆ. ಒಣಹವೆಯಲ್ಲಿ ಅದು ಬಿಗಿದು ಶ್ರುತಿ ತಾನಾಗಿ ಏರುತ್ತದೆ, ಕೆಲವೊಮ್ಮೆ ಅರ್ಧ ಸ್ವರ ದಾಟಿ. ಹೀಗಾಗಿ ನಿಮ್ಮ ಶ್ರುತಿಗಿಂತ ಅರ್ಧ ಸ್ವರ ಕೆಳಗೆ ನಿಲ್ಲುವ ಮೃದಂಗವೊಂದನ್ನೂ ಒಯ್ಯಿರಿ. ರಾತ್ರಿ ಬಾರುಗಳನ್ನು ಸಡಿಲಿಸಿಯೇ ಮಲಗಿ. ಬಿಗಿಯಾಗಿಯೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಬಲ ಮುಚ್ಚಳಿಗೆ ಸೀಳಿರಬಹುದು. ಬದಲಿ ಬಲ ಮುಚ್ಚಳಿಗೆ ಒಂದಾದರೂ ಇರಲಿ. ಕರಣೆಯ ಬಿರುಕಿಗೆ ಅಲ್ಲಿ ಮದ್ದಿಲ್ಲ, ಅದರ ಮೇಲೆ ನೀರು ಹಚ್ಚಿ ಸರಿಮಾಡಲು ಹೋಗಬೇಡಿ.

ಎಡಕ್ಕೆ ಹಚ್ಚುವ ರವೆಯ ಚಿಂತೆ ಬೇಡ. ರಷ್ಯಾದ ಮಕ್ಕಳೆಲ್ಲ ಗಂಜಿ ಕುಡಿದು ಬೆಳೆಯುವ ‘ಮಾಂಕಾ’ ಎಂದರೆ ನಮ್ಮ ರವೆಯೇ, ಎಲ್ಲ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ನುಣ್ಣಗಿನದು ಆರಿಸಿ, ಇಲ್ಲಿಗಿಂತ ತುಸು ಹೆಚ್ಚು ನೀರು ಹಾಕಿ ಕಲಸಿ, ಅರ್ಧ ಗಂಟೆ ನೆನೆಯಲು ಬಿಡಿ. ಹಚ್ಚಿದ್ದು ಇಲ್ಲಿ ಕಛೇರಿಯುದ್ದಕ್ಕೂ ನಿಂತರೆ ಅಲ್ಲಿ ಬೇಗ ಒಣಗಿ ಅಂಚು ಏಳುತ್ತದೆ, ‘ತೊಂ’ ಒರಟಾಗುತ್ತದೆ. ಪಕ್ಕದಲ್ಲಿ ಒದ್ದೆ ಬಟ್ಟೆ ಇಟ್ಟುಕೊಂಡು ಪ್ರತಿ ಕೃತಿಯ ನಡುವೆ ಒತ್ತಿ. ತನಿಗೆ (ಮೃದಂಗವೊಂದೇ ನುಡಿಯುವ ಭಾಗಕ್ಕೆ) ಮೊದಲು ಹೊಸದಾಗಿ ಹಚ್ಚುವುದೇ ಸರಿ.

ಪಿಟೀಲಿನ ಬದಿಯ ಅಂಟು ಬಿಟ್ಟುಕೊಂಡರೆ ಗಾಬರಿ ಬೇಡ. ಮರ ಸೀಳುವ ಬದಲು ಅಂಟು ಬಿಡಲಿ ಎಂದೇ ಅದನ್ನು ಹಾಗೆ ಅಂಟಿಸಿರುತ್ತಾರೆ. ಸೂಪರ್ ಗ್ಲೂ ಮಾತ್ರ ಹಾಕಬೇಡಿ. ಕೊಳಲಿಗೆ ಎರಡು ತುದಿಯಲ್ಲೂ ನಡುವೆಯೂ ದಾರ ಬಿಗಿಯಾಗಿ ಸುತ್ತಿಸಿ, ಕೋಟಿನ ಒಳಜೇಬಿನಲ್ಲಿ ಒಯ್ಯಿರಿ. ಘಟ ಹಸಿಯಾಗಿದ್ದರೆ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ಒಡೆಯುತ್ತದೆ. ನಾಲ್ಕು ದಿನ ಒಣಗಿಸಿದ ಮೇಲೆ ಪೆಟ್ಟಿಗೆಗೆ ಹಾಕಿ.

ವೇದಿಕೆ, ಧ್ವನಿ

8 ಅಡಿ ಉದ್ದ, 10 ಅಡಿ ಅಗಲ, ಒಂದಡಿ ಎತ್ತರದ ಮರದ ಜಗಲಿ ಕೇಳಿ. ಅದರ ಮೇಲೆ ಅವರು ನೈಲಾನ್ ಕಾರ್ಪೆಟ್ ಹಾಸುತ್ತಾರೆ, ನೀವು ರೇಷ್ಮೆ ಉಟ್ಟು ಕೂರುತ್ತೀರಿ, ಗಾಳಿ ಒಣಗಿದೆ. ಮೈಕ್ ಮುಟ್ಟಿದಾಗ ಕಿಡಿ, ವೀಣೆಗೆ ಅಂಟಿಸಿದ ಪಿಕಪ್‌ನಲ್ಲಿ ಚಟಚಟ ಸದ್ದು. ಹತ್ತಿಯ ಜಮಖಾನ ನೀವೇ ಒಯ್ಯಿರಿ, ಹಾಸುವ ಮೊದಲು ನೀರು ಚಿಮುಕಿಸಿ. ನುಡಿಸುವ ಮುನ್ನ ಮೈಕಿನ ಲೋಹದ ಕಂಬವನ್ನೊಮ್ಮೆ ಮುಟ್ಟಿ.

ವೀಣೆಗೆ 2, ಪಿಟೀಲಿಗೆ 1, ಮೃದಂಗಕ್ಕೆ 2, ಎಲೆಕ್ಟ್ರಾನಿಕ್ ತಂಬೂರಿಗೆ 1, ನಿರೂಪಕರಿಗೆ 1: ಒಟ್ಟು 7 ದಾರಿ (ಚಾನೆಲ್) ಎಂದು ಬರೆದು ಕಳಿಸಿ. ಪ್ರತಿಧ್ವನಿ ಪರಿಣಾಮ ಬೇಡ ಎಂಬುದನ್ನು ರಷ್ಯನ್‌ನಲ್ಲೇ ಬರೆಸಿ. ವಿದ್ಯುತ್ ನಮ್ಮಂತೆಯೇ 50 ಹರ್ಟ್ಸ್, 220-230 ವೋಲ್ಟ್. ಆದರೆ ನಮ್ಮ ಮೂರು ಕಡ್ಡಿಯ ಪ್ಲಗ್ ಕೂರುವುದಿಲ್ಲ, ಅಡಾಪ್ಟರ್ ಎರಡು ಬೇಕು. ಬ್ಯಾಟರಿಗಳು ಒಳಜೇಬಿನಲ್ಲಿರಲಿ.

ಗಂಟಲು, ಕೈ

ಅಲ್ಲಿನವರ ಲೆಕ್ಕದಲ್ಲಿ ಗಾಳಿಯ ವೇಗದ ಪ್ರತಿ ಸೆಕೆಂಡಿಗೆ ಒಂದು ಮೀಟರ್ ಎಂದರೆ ಇನ್ನೆರಡು ಡಿಗ್ರಿ ಚಳಿ. ಮೈನಸ್ 25ರಲ್ಲಿ 10 ಮೀಟರ್ ಗಾಳಿಯಿದ್ದರೆ ಅದು ಮೈನಸ್ 45. ಮಕ್ಕಳಿಗೆ ಶಾಲೆ ಬಿಡಬೇಕೋ ಎಂಬುದನ್ನೂ ಹೀಗೇ ತೀರ್ಮಾನಿಸುತ್ತಾರೆ, ಅಂಥ ದಿನ ನೀವೂ ಹೊರಗೆ ಹೋಗಬೇಡಿ. ಹಾಡುವವರು ಮೂಗಿನಿಂದಲೇ, ಶಾಲಿನೊಳಗಿಂದ ಉಸಿರಾಡಲಿ. ಹೊರಗಿನಿಂದ ಬಂದು ಒಂದು ಗಂಟೆ ಹಾಡಬಾರದು. ಅದಿರು ಕರಗಿಸುವ ಕಾರ್ಖಾನೆಯ ಗಂಧಕದ ಹೊಗೆ ಊರ ಕಡೆ ತಿರುಗಿದ ದಿನ ಗಂಟಲು ಕೆರೆಯುತ್ತದೆ. ಕಿಟಕಿ ಮುಚ್ಚಿ, ಮುಖಗವಸು ಹಾಕಿ. ಅದೇ ಹೊಗೆ ಮೆಟ್ಟಿಲು, ತಂತಿಗಳನ್ನು ಕಪ್ಪಾಗಿಸುತ್ತದೆ, ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ. ಬೆರಳ ತುದಿ ಒಡೆಯುವುದು ಎರಡನೇ ದಿನದಿಂದ. ರಾತ್ರಿ ಮುಲಾಮು ಹಚ್ಚಿ ಹತ್ತಿ ಕೈಗವಸು ತೊಟ್ಟು ಮಲಗಿ, ಕಛೇರಿಯ ದಿನ ಮುಲಾಮು ಬೇಡ.

ಕಛೇರಿಯ ಸಂಜೆ

ಕವಿ ಮಯಾಕೊವ್ಸ್ಕಿ ಹೆಸರಿನ ಧ್ರುವಪ್ರದೇಶದ ನಾಟಕಶಾಲೆ ಶುರುವಾದದ್ದು 1941ರಲ್ಲಿ. ಆಗ ಇದು 1935ರಲ್ಲಿ ಹುಟ್ಟಿದ ಸೆರೆಶಿಬಿರದ ಊರು, ಕೈದಿಗಳ ದುಡಿಮೆಯಿಂದಲೇ ಎದ್ದದ್ದು. ಮುಂದೆ ದೇಶಕ್ಕೇ ಹೆಸರಾದ ನಟ ಇನ್ನೊಕೆಂತಿ ಸ್ಮೊಕ್ತುನೊವ್ಸ್ಕಿ 1940ರ ದಶಕದಲ್ಲಿ ಇಲ್ಲಿ ಅಭಿನಯಿಸಿದ್ದರು. ಕಲೆಯನ್ನು ಗಂಭೀರವಾಗಿ ಕೇಳುವ ಅಭ್ಯಾಸ ಈ ಊರಿಗೆ ಹಳೆಯದು. ಅವರಿಗೆ ತಿಳಿಯದೆಂದು ಭಾವಿಸಿ ತುಂಡು ತುಕ್ಕಡಾಗಳನ್ನೇ ಜೋಡಿಸಬೇಡಿ. ಒಂದು ರಾಗವನ್ನಾದರೂ ಆಲಾಪನೆ, ತಾನ, ಕೃತಿ, ತನಿ ಎಂದು ಪೂರ್ತಿ ಕೊಡಿ.

50 ನಿಮಿಷದ ಎರಡು ಭಾಗ, ನಡುವೆ 20 ನಿಮಿಷದ ಬಿಡುವು ಅವರಿಗೆ ಒಗ್ಗಿದ್ದು. ಗಣಿ, ಕಾರ್ಖಾನೆ ಪಾಳಿಯಲ್ಲಿ ನಡೆಯುವ ಊರಾದ್ದರಿಂದ ಶನಿವಾರ ಅಥವಾ ಭಾನುವಾರದ ಸಂಜೆ ಕೇಳಿ. ದಪ್ಪ ಕೋಟುಗಳನ್ನು ಎಲ್ಲರೂ ಕಡ್ಡಾಯವಾಗಿ ಕೆಳಗೆ ಬಿಟ್ಟು ಬರಬೇಕು, ಸಾಲು ನಿಧಾನ. ಮೂರು ಬಾರಿ ಗಂಟೆ ಹೊಡೆಯುತ್ತಾರೆ, ಮೂರನೆಯದರ ನಂತರವೇ ತೆರೆ. ಶ್ರುತಿಯ ಕೊನೆಯ ಹೊಂದಾಣಿಕೆಯನ್ನು ಎರಡನೇ ಗಂಟೆಗೆ ವೇದಿಕೆಯ ಮೇಲೆ, ದೀಪ ಹತ್ತಿಸಿದ ಮೇಲೆ ಮಾಡಿ. ದೀಪದ ಕಾವಿಗೆ ಮೃದಂಗ ಮತ್ತೆ ಏರುತ್ತದೆ.

ರಾಗ, ತಾಳ, ಸಾಹಿತ್ಯದ ಅರ್ಥವನ್ನು ಪ್ರತಿ ಕೃತಿಗೆ ಮೂರು ಸಾಲಿನಂತೆ ರಷ್ಯನ್‌ಗೆ ಅನುವಾದಿಸಿ ನಿರೂಪಕರ ಕೈಗೆ ವಾರ ಮುಂಚೆ ಕೊಡಿ. ಕೊನೆಯಲ್ಲಿ ಸಭೆ ಒಂದೇ ಲಯದಲ್ಲಿ ಚಪ್ಪಾಳೆ ತಟ್ಟತೊಡಗಿದರೆ ಅದು ಮುಗಿಸಿ ಎಂಬ ಸೂಚನೆಯಲ್ಲ, ಇನ್ನೂ ಬೇಕೆಂಬ ಕರೆ. ಒಂದು ತಿಲ್ಲಾನ ತಯಾರಿರಲಿ. ಹೂವು ಹಿಡಿದು ವೇದಿಕೆಗೆ ಬರುತ್ತಾರೆ, ಎದ್ದು ನಿಂತು ತೆಗೆದುಕೊಳ್ಳಿ. ನೀವು ಯಾರಿಗಾದರೂ ಹೂವು ಕೊಡುವುದಾದರೆ ಬೆಸ ಸಂಖ್ಯೆಯಲ್ಲಿ ಕೊಡಿ, ಸರಿ ಸಂಖ್ಯೆಯ ಹೂವು ಸಾವಿನ ಮನೆಗೆ.

ಮರಳಿ ಬಂದ ಮೇಲೆ

ಒಣಗಿದ ವಾದ್ಯ ತೇವದ ಊರಿಗೆ ಮರಳುವುದೂ ಒಂದು ಪೆಟ್ಟೇ. ಶೇ. 49ರ ಪೊಟ್ಟಣಗಳನ್ನು ತೆಗೆಯದೆ ಪೆಟ್ಟಿಗೆಯನ್ನು ಮನೆಯಲ್ಲಿ ಎರಡು ದಿನ ಮುಚ್ಚಿಯೇ ಇಡಿ. ಮೂರನೇ ದಿನದಿಂದ ದಿನಕ್ಕೆ ಒಂದೆರಡು ಗಂಟೆ ತೆರೆಯಿರಿ. ಅಲ್ಲಿ ಒತ್ತಿ ಕೂರಿಸಿದ ಬಿರಡೆಗಳು ಉಬ್ಬಿ ಕಚ್ಚಿಕೊಂಡಿರುತ್ತವೆ, ಬಲವಂತವಾಗಿ ತಿರುಗಿಸಿದರೆ ತಲೆ ಮುರಿಯುತ್ತದೆ. ದಿನಕ್ಕೊಮ್ಮೆ ಸ್ವಲ್ಪ ಹೊರಕ್ಕೆಳೆದು ಸಡಿಲಿಸುತ್ತಾ ಬನ್ನಿ. ವೀಣೆಯ ಮೇಳವನ್ನು ಒಂದು ವಾರದ ನಂತರ, ಮರ ತನ್ನ ಜಾಗಕ್ಕೆ ಮರಳಿದ ಮೇಲೆ, ಕಟ್ಟಿಸಿ. ಮೊದಲೇ ಕಟ್ಟಿಸಿದರೆ ಇನ್ನೊಮ್ಮೆ ಕಟ್ಟಿಸಬೇಕಾಗುತ್ತದೆ.